ಮಾತ್ರೆಗಳ ಗುಣೋತ್ತರ ಶ್ರೇಢಿ

ನನ್ನ ಗಂಡ ಹೇಡಿ. ಇದು ಸಿಟ್ಟಿನಲ್ಲಿ ಆಡಿದ ಮಾತಲ್ಲ. ನಲವತ್ತೊಂದು ವರ್ಷ ಒಂದೇ ಸೂರಿನಡಿ ಕುಳಿತು, ಗಮನಿಸಿ, ಸಾಕ್ಷ್ಯಗಳನ್ನು ಕಲೆಹಾಕಿ ಬಂದಿರುವ ತೀರ್ಮಾನ. ಸಾಕ್ಷ್ಯ ಬೇಕೆನ್ನುವವರಿಗೆ ಒಂದು ಸಾಕು. ಮದುವೆಯಾದ ಹೊಸದರಲ್ಲಿ ಅವರಿಗೆ ಸೊಗಸಾದ ಮೀಸೆಯಿತ್ತು. ಒಂದು ಭಾನುವಾರ ಕ್ಷೌರಿಕ ಯಾರೊಡನೆಯೋ ಹರಟುತ್ತ ಅದರ ಅರ್ಧವನ್ನು ಬೋಳಿಸಿಬಿಟ್ಟ. ಆಮೇಲೆ ಗಾಬರಿಯಿಂದ "ಹೀಗೇ ಬೇಕಿತ್ತಲ್ವಾ ಸರ್?" ಎಂದು ಕೇಳಿದನಂತೆ. ಇವರು "ಹೂಂ" ಎಂದರಂತೆ. ಉಳಿದರ್ಧವೂ ಹೋಯಿತು. ಕ್ಷೌರಿಕನಿಗೆ ಬೇಸರವಾಗಬಾರದೆಂದು ಅಂದಿನಿಂದ ಮೀಸೆ ಬಿಟ್ಟಿಲ್ಲ. (ಆ ಕ್ಷೌರಿಕ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಇವರು ಇನ್ನೂ ಅವನ ಮನಸ್ಸು ನೋಯಿಸಲು ಸಿದ್ಧರಿಲ್ಲ.)

ನಾನು ಗಣಿತ ಕಲಿಸುತ್ತಿದ್ದ ಕಾಲೇಜಿನಲ್ಲೇ ಅವರು ಲೈಬ್ರರಿಯನ್ ಆಗಿದ್ದರು. ನಾನು ಮೂವತ್ತನಾಲ್ಕು ವರ್ಷ ಪಾಠ ಹೇಳಿದೆ, ಅದರಲ್ಲಿ ಹನ್ನೊಂದು ವರ್ಷ ವಿಭಾಗದ ಮುಖ್ಯಸ್ಥೆ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಕಾರಿಡಾರು ಖಾಲಿಯಾಗುತ್ತಿತ್ತು ಎನ್ನುತ್ತಾರೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. (ಹೇಳುತ್ತಿದ್ದೇನೆ.)

ಕಳೆದ ವರ್ಷ ಒಂದು ಬೆಳಿಗ್ಗೆ ತಲೆ ಬಾಚಲು ಕೈ ಎತ್ತಿದೆ, ಕೈ ಬರಲಿಲ್ಲ. ಎರಡೂ ಭುಜಗಳು, ಎರಡೂ ಸೊಂಟದ ಕೀಲುಗಳು ಒಟ್ಟಿಗೆ ಮುಷ್ಕರ ಹೂಡಿದ್ದವು. ಹಾಸಿಗೆಯಿಂದ ಏಳುವುದಕ್ಕೆ ಕಾಲು ಗಂಟೆ, ಕುರ್ಚಿಯಿಂದ ಏಳುವುದಕ್ಕೆ ಗಂಡ. ಮೂರು ವಾರ ತಡೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಆ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿ. ಕೊನೆಯ ಬೆಂಚು, ಎರಡು ಜಡೆ, ಗಣಿತದಲ್ಲಿ ನೂರಕ್ಕೆ ಮೂವತ್ತೆಂಟು. ಅಂಥವಳ ಕೈಗೆ ನನ್ನ ದೇಹವನ್ನು ಒಪ್ಪಿಸಬೇಕಾಗಿ ಬಂದದ್ದು ವಿಧಿಯ ವ್ಯಂಗ್ಯ. ಅವಳು ರಕ್ತ ಪರೀಕ್ಷೆ ಮಾಡಿಸಿ, ಕಾಯಿಲೆಗೆ ನನ್ನ ಪಿಎಚ್.ಡಿ. ಪ್ರಬಂಧದ ಶೀರ್ಷಿಕೆಗಿಂತ ಉದ್ದವಾದ ಹೆಸರೊಂದನ್ನು ಹೇಳಿ, ಸ್ಟೀರಾಯ್ಡ್ ಮಾತ್ರೆ ಬರೆದಳು.

"ಬೆಳಿಗ್ಗೆ ತಿಂಡಿ ಆದ್ಮೇಲೆ ತಗೋಬೇಕು ಮೇಡಂ. ಖಾಲಿ ಹೊಟ್ಟೇಲಿ ಬೇಡ. ದಿನಕ್ಕೆ ಹದಿನೈದು ಮಿಲಿಗ್ರಾಂ, ಮೂರು ವಾರ. ಆಮೇಲೆ ಹನ್ನೆರಡೂವರೆ, ಮತ್ತೆ ಮೂರು ವಾರ. ಆಮೇಲೆ ಒಂದು ತಿಂಗಳು ಹತ್ತು. ಅಲ್ಲಿಂದ ಮುಂದೆ ತಿಂಗಳಿಗೆ ಒಂದೇ ಒಂದು ಮಿಲಿಗ್ರಾಂ ಇಳಿಸ್ತಾ ಹೋಗೋದು, ಅದೂ ನಿಮ್ಮನ್ನ ನೋಡ್ಕೊಂಡು."

"ಹಾಗಾದರೆ ಸುಮಾರು ಒಂದು ವರ್ಷ ಆಗ್ತದೆ."

"ಹೆಚ್ಚೂ ಆಗಬಹುದು."

"ಇಷ್ಟು ನಿಧಾನವಾಗಿ ಯಾಕೆ?"

"ಆತುರ ಮಾಡೋ ಹಾಗಿಲ್ಲ ಮೇಡಂ. ನಾನು ಹೇಳೋ ತನಕ ನಿಲ್ಲಿಸಬಾರದು, ನೀವಾಗಿ ಕಮ್ಮಿ ಮಾಡಬಾರದು. ಬೇರೆ ನೋವಿನ ಮಾತ್ರೆ ನನ್ನ ಕೇಳದೆ ನುಂಗಬಾರದು. ಜ್ವರ ಬಂದ್ರೆ, ವಾಂತಿಯಾಗಿ ಮಾತ್ರೆ ಹೊಟ್ಟೇಲಿ ನಿಲ್ಲದೆ ಹೋದ್ರೆ, ತಕ್ಷಣ ಫೋನ್ ಮಾಡಿ. ಸಕ್ಕರೆ, ಬಿ.ಪಿ. ಆಗಾಗ ನೋಡಿಸ್ತಾ ಇರಬೇಕು. ಈ ಕಾರ್ಡು ಯಾವಾಗ್ಲೂ ಜೊತೇಲಿರಲಿ. ಎಲ್ಲಾದ್ರೂ ಹೆಚ್ಚುಕಮ್ಮಿ ಆದ್ರೆ, ನೀವು ಈ ಮಾತ್ರೆ ತಗೋತಿದ್ದೀರಿ ಅಂತ ನೋಡಿದವರಿಗೆ ಗೊತ್ತಾಗಬೇಕು."

ಪಾಠ ಒಪ್ಪಿಸುವ ಮಗುವಿನಂತೆ ಹೇಳಿದಳು. ನಾನೂ ಮೇಷ್ಟರ ಹಾಗೆಯೇ ತಲೆಯಾಡಿಸಿದೆ. ಕಾರ್ಡು ಒಳ್ಳೆಯ ದಪ್ಪ ಕಾಗದದ್ದು. ಮನೆಗೆ ಬಂದು ಓದುತ್ತಿದ್ದ ಪುಸ್ತಕಕ್ಕೆ ಗುರುತಾಗಿ ಇಟ್ಟುಕೊಂಡೆ. ಮರುದಿನ ಅದು ನನ್ನ ಕೈಚೀಲದಲ್ಲಿತ್ತು, ಪುಸ್ತಕದಲ್ಲಿ ಅದರ ಜಾಗಕ್ಕೆ ಒಂದು ಹಳೆಯ ಬಸ್ ಟಿಕೆಟ್ಟು. ನಾನು ಮತ್ತೆ ಪುಸ್ತಕಕ್ಕೆ ಇಟ್ಟೆ. ಅದು ಮತ್ತೆ ಕೈಚೀಲ ಸೇರಿತು. ಹೀಗೆ ನಾಲ್ಕು ಸಲವಾಯಿತು. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಒಂದು ಮಾತೂ ನಡೆಯಲಿಲ್ಲ.

ಮಾತ್ರೆ ಎರಡೇ ದಿನಕ್ಕೆ ಕೆಲಸ ಮಾಡಿತು. ಮೂರನೆಯ ದಿನ ನಾನೇ ತಲೆ ಬಾಚಿಕೊಂಡೆ. ನಾಲ್ಕನೆಯ ದಿನ ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿದೆ. ಐದನೆಯ ದಿನ ಮನೆಯ ಪುಸ್ತಕಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿದೆ. (ಇಪ್ಪತ್ತೇಳು ವರ್ಷದಿಂದ ಅವು ವಿಷಯವಾರು ಜೋಡಣೆಯಲ್ಲಿದ್ದವು, ಜೋಡಿಸಿದವರು ಲೈಬ್ರರಿಯನ್ನರು. ಅವರು ಬಾಗಿಲಲ್ಲಿ ನಿಂತು ನೋಡಿ, ಒಂದು ಲೋಟ ನೀರು ಕುಡಿದು ಹೋದರು.) ಹಸಿವು ಬೇರೆ, ಭೀಮನ ಹಸಿವು. ನನ್ನ ತಟ್ಟೆಯ ಬ್ರೆಡ್ಡು ಮುಗಿದು ಕೈ ತಾನಾಗಿ ಎದುರಿನ ತಟ್ಟೆಗೆ ಹೋಗುತ್ತಿತ್ತು. ಎದುರಿನ ತಟ್ಟೆ ತಾನಾಗಿ ನನ್ನ ಕಡೆಗೆ ಸರಿಯುತ್ತಿತ್ತು.

ಮಾತ್ರೆಯ ಪೊಟ್ಟಣದಲ್ಲಿ ಮಡಚಿಟ್ಟ ಚೀಟಿಯನ್ನು ನಾನು ಭೂತಗನ್ನಡಿ ಹಿಡಿದು ಪೂರ್ತಿ ಓದಿದವಳು. ಮುಖ ಊದಿಕೊಳ್ಳಬಹುದು, ಸ್ವಭಾವದಲ್ಲಿ ಸಿಡುಕು ಕಾಣಿಸಿಕೊಳ್ಳಬಹುದು ಎಂದಿತ್ತು.

"ರೀ, ಈ ಮಾತ್ರೆ ಶುರು ಮಾಡಿದ ಮೇಲೆ ನನಗೆ ಸಿಡುಕು ಬಂದಿದೆಯಾ?"

ಅವರು ಪತ್ರಿಕೆಯಿಂದ ತಲೆಯೆತ್ತಿ ಬಹಳ ಹೊತ್ತು ಯೋಚಿಸಿದರು.

"ಹೊಸದಾಗೇನೂ ಬಂದಿಲ್ಲ," ಎಂದರು.

ಆರನೆಯ ವಾರ ಕಾಲೇಜಿನಿಂದ ಪತ್ರ ಬಂತು. ವಿಭಾಗದ ಗೋಡೆಯ ಮೇಲೆ ಹಿಂದಿನ ಮುಖ್ಯಸ್ಥರೆಲ್ಲರ ಭಾವಚಿತ್ರಗಳನ್ನು ಹಾಕುತ್ತಾರಂತೆ. ನಾಲ್ಕು ವಾರ ಬಿಟ್ಟು ಫೋಟೋಗ್ರಾಫರು ಮನೆಗೇ ಬರುತ್ತಾರಂತೆ. ಅಂದು ಸಂಜೆ ಕೈ ತೊಳೆಯುವಾಗ ಕನ್ನಡಿ ನೋಡಿದೆ. ಕನ್ನಡಿಯಲ್ಲಿ ಯಾರೋ ಇದ್ದರು. ಗುಂಡು ಮುಖ, ಉಬ್ಬಿದ ಕೆನ್ನೆ, ಕೆನ್ನೆಯ ನಡುವೆ ಎಲ್ಲೋ ಒಂದು ಮೂಗು. ಎಪ್ಪತ್ತು ವರ್ಷ ಕೋನಗಳಿಂದಲೇ ಕೂಡಿದ್ದ ನನ್ನ ಮುಖ ವೃತ್ತವಾಗಿಬಿಟ್ಟಿತ್ತು. ಪಕ್ಕದ ಮನೆಯಾಕೆ ಆ ವಾರವಷ್ಟೇ "ಮೈ ಕೈ ತುಂಬ್ಕೊಂಡು ಎಷ್ಟು ಕಳೆಯಾಗಿದ್ದೀರಿ" ಎಂದಿದ್ದಳು. ನಾನು ಅವಳನ್ನು ಕ್ಷಮಿಸಿರಲಿಲ್ಲ.

ನನಗೆ ರೂಪದ ಹಂಬಲವಿಲ್ಲ. ಇದನ್ನು ದಾಖಲೆಗೆ ಹೇಳುತ್ತಿದ್ದೇನೆ. ನನಗೆ ಆಕ್ಷೇಪಣೆಯಿದ್ದದ್ದು ಅವಳ ಗಣಿತದ ಬಗ್ಗೆ. ತಿಂಗಳಿಗೊಂದು ಮಿಲಿಗ್ರಾಮಿನಂತೆ ಇಳಿಸುವುದು ಆಮೆಗೆ ತಕ್ಕ ಲೆಕ್ಕ. ಪ್ರತಿ ಪದವೂ ಹಿಂದಿನದರ ಅರ್ಧವಾಗಿರುವ ಸರಣಿಗೆ ಗಣಿತದಲ್ಲಿ ಗುಣೋತ್ತರ ಶ್ರೇಢಿ ಎಂಬ ಘನವಾದ ಹೆಸರಿದೆ. ಅದು ಚೊಕ್ಕ, ಅದು ಚುರುಕು, ಅದಕ್ಕೊಂದು ಸೌಂದರ್ಯವಿದೆ. ಮೂವತ್ತೆಂಟು ಅಂಕದವಳಿಗೆ ಅದು ಹೊಳೆಯದಿದ್ದರೆ ಅದು ಅವಳ ತಪ್ಪಲ್ಲ, ಕಲಿಸಿದ ನನ್ನ ತಪ್ಪು. ತಿದ್ದುವುದೂ ನನ್ನದೇ ಹೊಣೆ. ಗ್ರಾಫ್ ಹಾಳೆ ತೆಗೆದೆ. ಹನ್ನೆರಡೂವರೆಯಿಂದ ಆರು, ಆರರಿಂದ ಮೂರು, ಮೂರರಿಂದ ಒಂದೂವರೆ, ಒಂದೊಂದಕ್ಕೂ ಒಂದೊಂದು ವಾರ. ನಾಲ್ಕನೆಯ ವಾರ ಸೊನ್ನೆ, ಅದು ಮುಗಿಯುತ್ತಲೇ ಫೋಟೋ. ಬಿಂದುಗಳನ್ನು ಸೇರಿಸಿ ನೀಲಿ ಶಾಯಿಯಲ್ಲಿ ಗೆರೆ ಎಳೆದು, ಮೇಲೆ ಶೀರ್ಷಿಕೆ, ಕೆಳಗೆ ಸಹಿ, ಸಹಿಯ ಕೆಳಗೆ ಪದವಿಗಳನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಗಂಡ ಹಾಲು ತೆಗೆಯಲು ಬಂದವರು ಅದರ ಮುಂದೆ ನಿಂತರು.

"ಡಾಕ್ಟರ್ ಬರೆದದ್ದು ಬೇರೆ ಇತ್ತಲ್ವಾ?"

"ಇತ್ತು. ಇದು ಪರಿಷ್ಕೃತ ಆವೃತ್ತಿ."

"ಅವರಿಗೆ ಹೇಳಿದೀಯಾ?"

"ಅವಳಿಗೆ ಇದು ಅರ್ಥ ಆಗೋದಕ್ಕೆ ಒಂದು ಸೆಮಿಸ್ಟರ್ ಬೇಕು."

ಅವರು ಹಾಲಿನ ಪಾತ್ರೆ ಹಿಡಿದುಕೊಂಡೇ ಇನ್ನಷ್ಟು ಹೊತ್ತು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಅಲ್ಲ, ಅರ್ಧ ಅರ್ಧ ಮಾಡ್ತಾ ಹೋದ್ರೆ... ಸೊನ್ನೆ ಬರೋದೇ ಇಲ್ಲ ಅಲ್ವಾ?"

ನಾನು ದಂಗಾದೆ. ಪ್ರಶ್ನೆ ಸರಿಯಾಗಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಬೆಂಚಿನವರೂ ಕೇಳದ ಪ್ರಶ್ನೆ.

"ಸೊನ್ನೆಯ ಹತ್ತಿರ ಬಂದರೆ ಸೊನ್ನೆ ಅಂತಲೇ ತಗೋಬೇಕು," ಎಂದೆ.

"ಹೂಂ," ಎಂದು ಹಾಲು ಕಾಯಿಸಲು ಹೋದರು. ನಾನು ಹೇಳಲಿಲ್ಲವೇ, ಹೇಡಿ ಎಂದು? ಗೆಲ್ಲುವ ಪ್ರಶ್ನೆ ಕೈಯಲ್ಲಿದ್ದರೂ ಬಾಲ ಮುದುರಿಕೊಂಡು ಹೋಗುವವರು ಅವರು.

ಒಂದೂವರೆ ಮಿಲಿಗ್ರಾಮಿನ ಮಾತ್ರೆಯನ್ನು ಯಾವ ಕಂಪನಿಯೂ ಮಾಡುವುದಿಲ್ಲ. ತರಕಾರಿ ಚಾಕುವಿನಿಂದ ಕತ್ತರಿಸಿಕೊಂಡೆ. ಒಂದು ಚೂರು ಒಲೆಯ ಹಿಂದಕ್ಕೆ ಹಾರಿತು. ಅದನ್ನು ದೋಷಾಂಶವೆಂದು ಬಿಟ್ಟೆ.

ಮೊದಲ ವಾರ ಭುಜ ಮತ್ತೆ ಜಗ್ಗತೊಡಗಿತು. ಚಳಿ ಎಂದುಕೊಂಡೆ. ಎರಡನೆಯ ವಾರ ಊಟ ಸೇರಲಿಲ್ಲ, ಹೊಟ್ಟೆ ತೊಳಸುತ್ತಿತ್ತು. ಕೆನ್ನೆ ಇಳಿಯಲು ಒಳ್ಳೆಯದೇ ಎಂದುಕೊಂಡೆ. ಮೆಟ್ಟಿಲ ನಡುವೆ ನಿಂತು ಉಸಿರು ತೆಗೆದುಕೊಳ್ಳುವಂತಾದಾಗ, ಮೆಟ್ಟಿಲು ಕಟ್ಟಿದವನ ಅಳತೆ ಸರಿಯಿಲ್ಲ ಎಂದುಕೊಂಡೆ. ವಿದ್ಯಾವಂತರಿಗೆ ಕಾರಣಗಳ ಕೊರತೆ ಎಂದೂ ಬರುವುದಿಲ್ಲ.

ಗಂಡ ದಿನಕ್ಕೊಂದು ಸಲ "ಡಾಕ್ಟರಿಗೆ ಒಂದು ಫೋನ್ ಮಾಡೋಣ್ವಾ?" ಎನ್ನುತ್ತಿದ್ದರು. ನಾನು "ಬೇಡ" ಎನ್ನುತ್ತಿದ್ದೆ. ಅವರು "ಹೂಂ" ಎನ್ನುತ್ತಿದ್ದರು.

ಮೂರನೆಯ ವಾರದ ಗುರುವಾರ, ತಿಂಡಿಯ ಹೊತ್ತು. ಗಂಜಿಯ ಬಟ್ಟಲು ಹಿಡಿದು ಒಲೆಯ ಕಡೆಯಿಂದ ತಿರುಗಿದೆ. ಅಡುಗೆಮನೆ ನನಗಿಂತ ಸ್ವಲ್ಪ ಹೆಚ್ಚು ತಿರುಗಿತು. ಕಣ್ಣು ಮಂಜಾಯಿತು. ಮುಂದೆ ನೋಡುವಾಗ ಬಟ್ಟಲು ಒಂದು ಕಡೆ, ಗಂಜಿ ಒಂದು ಕಡೆ, ನಾನು ಬೀರುವಿಗೆ ಬೆನ್ನು ಕೊಟ್ಟು ನೆಲದ ಮೇಲೆ.

ಅವರು ಬಂದು ಬಾಗಿಲಲ್ಲಿ ನಿಂತರು.

"ಬಿದ್ದೆಯಾ?"

"ಇಲ್ಲ. ಕೂತ್ಕೊಂಡಿದೀನಿ."

"ನೆಲದ ಮೇಲೆ?"

"ಯಾಕೆ, ನೆಲದ ಮೇಲೆ ಕೂರಬಾರದು ಅಂತ ಕಾನೂನು ಇದೆಯಾ?"

"ಗಂಜಿ ಮೇಲೆ ಕೂತಿದೀಯ."

ನೋಡಿಕೊಂಡೆ. ಹೌದು.

"ಏಳ್ತೀಯಾ?"

"ಏಳ್ತೀನಿ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು."

ಸ್ವಲ್ಪ ಹೊತ್ತು ಬಿಟ್ಟೂ ಏಳಲಾಗಲಿಲ್ಲ. ಎದ್ದರೆ ಕಣ್ಣು ಕತ್ತಲೆ, ಕೈಕಾಲುಗಳಲ್ಲಿ ಒಂದಿಷ್ಟೂ ತ್ರಾಣವಿಲ್ಲ. ಅವರು ನನ್ನ ಬಾಯಿಗೆ ನೀರು ಹಿಡಿದು, ಬೆನ್ನಿಗೆ ದಿಂಬು ಕೊಟ್ಟು, ಒಳಗೆ ಹೋಗಿ ಟ್ಯಾಕ್ಸಿಗೆ ಫೋನ್ ಮಾಡಿದರು. ನನ್ನನ್ನು ಕೇಳಲಿಲ್ಲ. ಅದು ನನ್ನ ಗಮನಕ್ಕೆ ಬಂತು, ಆದರೆ ಜಗಳಕ್ಕೆ ಬೇಕಾದ ರಕ್ತದೊತ್ತಡ ನನ್ನಲ್ಲಿರಲಿಲ್ಲ.

ಟ್ಯಾಕ್ಸಿಯಲ್ಲಿ ಹಿಂದಿನ ಸೀಟಿನಲ್ಲಿ ಒರಗಿಕೊಂಡೇ ಅಪ್ಪಣೆ ಕೊಟ್ಟೆ. "ಅಲ್ಲಿ ನೀವು ಬಾಯಿ ಬಿಡಬೇಡಿ. ಮಾತು ನಾನು ಆಡ್ತೀನಿ."

"ಹೂಂ."

"ಗ್ರಾಫಿನ ವಿಷಯ ಎತ್ತಲೇಬೇಡಿ."

"ಹೂಂ."

ಕ್ಲಿನಿಕ್ಕಿನಲ್ಲಿ ನನ್ನನ್ನು ನೇರವಾಗಿ ಒಳಗಿನ ಮಂಚಕ್ಕೆ ಕರೆದೊಯ್ದರು. ಡಾಕ್ಟರು ಬಿ.ಪಿ. ನೋಡಿದಳು. ಇನ್ನೊಮ್ಮೆ ನೋಡಿದಳು. ಹುಬ್ಬು ಗಂಟಿಕ್ಕಿತು. ನರ್ಸಿಗೆ ಏನೋ ಹೇಳಿದಳು, ನರ್ಸು ಓಡಿದಳು.

"ಮೇಡಂ, ಮಾತ್ರೆ ಸರಿಯಾಗಿ ತಗೋತಿದ್ದೀರಾ?"

"ನಿಯಮಬದ್ಧವಾಗಿ," ಎಂದೆ. (ಇದು ಸುಳ್ಳಲ್ಲ. ನಿಯಮವಿತ್ತು.)

"ಈಗ ದಿನಕ್ಕೆ ಹತ್ತು ತಾನೆ?"

ಕಾಪಿ ಹೊಡೆದ ನೂರಾರು ಹುಡುಗರನ್ನು ಹಿಡಿದವಳು ನಾನು. ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುವವರ ಮುಖ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದೇ ಮುಖ ಮಾಡಿಕೊಂಡು, "ಹೌದು, ಹತ್ತು," ಎಂದೆ.

ಡಾಕ್ಟರು ಮತ್ತೆ ನನ್ನ ನಾಡಿ ಹಿಡಿದಳು. "ವಿಚಿತ್ರ. ಹತ್ತರಲ್ಲಿದ್ದೂ ಹೀಗಾಗಿದೆ ಅಂದ್ರೆ ಬೇರೆ ಏನೋ ಇದೆ. ಹೃದಯ ನೋಡಬೇಕು, ಒಳಗೆ ಎಲ್ಲಾದ್ರೂ ರಕ್ತ ಹೋಗ್ತಿದೆಯಾ ನೋಡಬೇಕು..." ತನಗೆ ತಾನೇ ಹೇಳಿಕೊಳ್ಳುವಂತೆ ಪಟ್ಟಿ ಮಾಡತೊಡಗಿದಳು. ಅವಳ ದನಿಯಲ್ಲಿ ನಿಜವಾದ ಭಯವಿತ್ತು. ಅವಳು ಎಲ್ಲೆಲ್ಲೋ ಹುಡುಕಲು ಹೊರಟಿದ್ದಳು. ಉತ್ತರ ನನ್ನ ಬಾಯಲ್ಲಿತ್ತು. ಬಾಯಿ ತೆರೆಯಲಿಲ್ಲ. ಸಾಯುವ ಸಾಧ್ಯತೆಗೂ ಮೂವತ್ತೆಂಟು ಅಂಕದವಳ ಮುಂದೆ ತಪ್ಪೊಪ್ಪಿಕೊಳ್ಳುವ ಸಾಧ್ಯತೆಗೂ ನಡುವೆ ನಾನು ಇನ್ನೂ ತೂಗಿ ನೋಡುತ್ತಿದ್ದೆ.

ಗಂಡ ಮೂಲೆಯಿಂದ ಎದ್ದು ಬಂದರು. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಹಾಳೆಯೊಂದನ್ನು ತೆಗೆದು, ಬಿಡಿಸಿ, ನನ್ನ ಮಂಚದ ಮೇಲೆಯೇ ಡಾಕ್ಟರ ಮುಂದೆ ಹರಡಿದರು. ಹಾಳೆಯ ಮೂಲೆಗಳಲ್ಲಿ ಅಂಟುಪಟ್ಟಿ ಇನ್ನೂ ಜೋತಾಡುತ್ತಿತ್ತು. ಪುಸ್ತಕದ ಪುಟದ ತುದಿ ಮಡಚಿದವರನ್ನು ಕಂಡರೆ ಕಣ್ಣಲ್ಲಿ ನೀರು ತರುತ್ತಿದ್ದ ಮನುಷ್ಯ, ಅದನ್ನು ಫ್ರಿಜ್ಜಿನ ಬಾಗಿಲಿನಿಂದ ಕಿತ್ತು ತಂದಿದ್ದರು.

"ಇವತ್ತಿಗೆ ಒಂದೂವರೆ," ಎಂದರು. "ಹತ್ತಲ್ಲ."

ಡಾಕ್ಟರು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ, ಸಹಿ, ಪದವಿಗಳ ಸಮೇತ ಓದಿದಳು. ಆಮೇಲೆ ಬೇಗ ಬೇಗ ಕೆಲಸ ನಡೆಯಿತು. ಕೈಗೆ ಸೂಜಿ, ರಕ್ತ ಪರೀಕ್ಷೆ, ಸಲೈನು, ಒಂದು ಇಂಜೆಕ್ಷನ್. ಒಂದೆರಡು ಗಂಟೆಯಲ್ಲಿ ಕೋಣೆ ತಿರುಗುವುದನ್ನು ನಿಲ್ಲಿಸಿತು, ನಾನು ಮತ್ತೆ ಬೈಗುಳ ತಿನ್ನುವ ಸ್ಥಿತಿಗೆ ಬಂದೆ. ಅದನ್ನೇ ಕಾಯುತ್ತಿದ್ದವಳಂತೆ ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತಳು.

"ಗ್ರಾಫು ತುಂಬಾ ಚೆನ್ನಾಗಿದೆ ಮೇಡಂ."

ನಾನು ಸಲೈನಿನ ಹನಿಗಳನ್ನು ಎಣಿಸತೊಡಗಿದೆ.

"ಮೂತ್ರಪಿಂಡದ ಮೇಲೆ ಚಿಕ್ಕ ಗ್ರಂಥಿ ಇರುತ್ತೆ. ಈ ಮಾತ್ರೇಲಿರೋ ಥರದ್ದನ್ನ ದಿನಾ ಅದೇ ಮಾಡಿಕೊಡ್ತಿರುತ್ತೆ. ನಾವು ಹೊರಗಿಂದ ವಾರಗಟ್ಟಲೆ ಕೊಟ್ರೆ, ಹೇಗೂ ಬರ್ತಿದೆಯಲ್ಲ ಅಂತ ಅದು ಮಲಗಿಬಿಡುತ್ತೆ. ನಿಧಾನವಾಗಿ ಕಮ್ಮಿ ಮಾಡಿದ್ರೆ ನಿಧಾನವಾಗಿ ಏಳುತ್ತೆ. ನೀವು ಅದು ಏಳೋಕೆ ಮುಂಚೆ ಹೊದಿಕೆ ಎಳೆದುಬಿಟ್ರಿ. ಇವತ್ತು ಇವರು ಕರ್ಕೊಂಡು ಬರದೆ ಇದ್ದಿದ್ರೆ, ಇನ್ನೆರಡು ದಿನ ಬಿಟ್ಟಿದ್ರೆ, ಜೀವಕ್ಕೇ ಬರ್ತಿತ್ತು."

"ಅರ್ಧ ಮಾಡುವುದು ತರ್ಕಬದ್ಧವಾಗಿತ್ತು."

"ಆ ಗ್ರಂಥಿ ಗಣಿತ ಓದಿಲ್ಲ ಮೇಡಂ," ಎಂದಳು. "ಓದಿದ್ರೂ ನಂಗೆ ಬಂದಷ್ಟೇ ಬರ್ತಿತ್ತೋ ಏನೋ."

ನಾನು ಛಾವಣಿ ನೋಡಿದೆ.

"ಈ ಹಾಳೆ ನಾನು ಇಟ್ಕೊಳ್ಳಲಾ? ಹೊರಗಡೆ ಗೋಡೆಗೆ ಹಾಕ್ತೀನಿ. ತಾವೇ ಮಾತ್ರೆ ಕಮ್ಮಿ ಮಾಡ್ಕೊಳ್ಳೋರು ವಾರಕ್ಕೆ ಇಬ್ಬರು ಬರ್ತಾರೆ. ಹೆಸರು ಮುಚ್ತೀನಿ."

"ಹೆಸರು ಇರ್ಲಿ," ಎಂದರು ನನ್ನ ಗಂಡ. "ಇದ್ರೆ ಜನ ನಂಬ್ತಾರೆ."

(ಹೀಗೆ ನನ್ನ ಕೃತಿ ಈಗ ಒಂದು ಗೋಡೆಯ ಮೇಲಿದೆ. ಭಾವಚಿತ್ರ ಇನ್ನೊಂದು ಗೋಡೆಯ ಮೇಲಿದೆ. ಫೋಟೋಗ್ರಾಫರು ಬಂದ ದಿನ ಕೆನ್ನೆಗಳು ಪೂರ್ಣಚಂದ್ರನಂತೆಯೇ ಇದ್ದವು. ಮಾತ್ರೆ ಇಳಿದಂತೆ ನಿಧಾನವಾಗಿ ಇಳಿಯುತ್ತವೆ ಎಂದಿದ್ದಳು ಡಾಕ್ಟರು. ಹೊಸ ಹುಡುಗಿಯರು ಆ ಚಿತ್ರ ನೋಡಿ, ಈ ಮೇಡಂ ಎಷ್ಟು ಮೃದು ಸ್ವಭಾವದವರಿರಬೇಕು ಎನ್ನುತ್ತಾರಂತೆ. ಮೂವತ್ತನಾಲ್ಕು ವರ್ಷದ ದುಡಿಮೆ ನೀರಿನಲ್ಲಿ ಹೋಯಿತು.)

ಸಂಜೆ ಮನೆಗೆ ಕಳುಹಿಸಿದರು. ಮತ್ತೆ ಹನ್ನೆರಡೂವರೆಯಿಂದ ಆರಂಭ. ನಾವು ಹೊರಡುವಾಗ ಡಾಕ್ಟರು ಮಾತ್ರೆಗಳ ಪೊಟ್ಟಣವನ್ನು ನನ್ನ ಕೈಗೆ ಕೊಡದೆ ಗಂಡನ ಕೈಗೆ ಕೊಟ್ಟಳು. "ಇನ್ಮೇಲೆ ಮಾತ್ರೆ ನಿಮ್ಮ ಹತ್ರ ಇರ್ಲಿ ಸರ್. ತಿಂಡಿ ಆದ್ಮೇಲೆ ನೀವೇ ಕೊಡಿ."

ದಾರಿಯಲ್ಲಿ ಹೇಳಿದೆ. "ನನ್ನ ಮಾನ ಕಳೆದಿರಿ."

"ಹೂಂ."

"ಶಿಷ್ಯೆಯ ಎದುರಿಗೆ."

"ಹೂಂ."

ನನಗೆ ಸಮಾಧಾನವಾಯಿತು. ಮನುಷ್ಯ ಬದಲಾಗಿರಲಿಲ್ಲ. ಇಡೀ ಘಟನೆಗೆ ವಿವರಣೆಯೂ ಸಿಕ್ಕಿತು: ಇವರು ನನಗಿಂತ ಹೆಚ್ಚಾಗಿ ಡಾಕ್ಟರಿಗೆ ಹೆದರಿದ್ದರು, ಅಷ್ಟೆ. ಹೆದರಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದ ಮಾತ್ರಕ್ಕೆ ಅದನ್ನು ಧೈರ್ಯ ಎನ್ನಲಾಗುವುದಿಲ್ಲ. ನನ್ನ ತೀರ್ಮಾನ ನಿಂತಿತು.

ಮರುದಿನ ಬೆಳಿಗ್ಗೆ ಎರಡು ಬ್ರೆಡ್ಡು, ಒಂದು ಮೊಟ್ಟೆ, ಹಾಲು. ತಿಂದು ಮುಗಿಸುವವರೆಗೆ ಅವರು ಎದುರು ಕುಳಿತಿದ್ದರು. ಪತ್ರಿಕೆ ಮಡಚಿದ್ದು ಮಡಚಿದಂತೆಯೇ ಇತ್ತು. ತಟ್ಟೆ ಖಾಲಿಯಾದ ಮೇಲೆ ಮಾತ್ರೆಗಳನ್ನು ಒಂದು ಚಮಚದಲ್ಲಿಟ್ಟು, ಪಕ್ಕದಲ್ಲಿ ನೀರಿಟ್ಟು, ನನ್ನ ಕಡೆಗೆ ಸರಿಸಿದರು.

"ಅಲ್ಲಿಡಿ. ತಗೋತೀನಿ."

ಅವರು ಏಳಲಿಲ್ಲ.

"ನಿಮಗೇನೂ ಕೆಲಸ ಇಲ್ವಾ?"

"ಇಲ್ಲ."

ನುಂಗಿದೆ. ನೀರು ಕುಡಿದೆ. ಲೋಟವನ್ನು ಬೇಕೆಂದೇ ಸ್ವಲ್ಪ ಜೋರಾಗಿ ಮೇಜಿನ ಮೇಲಿಟ್ಟೆ. ಇನ್ನು ಹೋಗುತ್ತಾರೆ ಎಂದುಕೊಂಡೆ. ಅವರು ಮೊಣಕೈಗಳನ್ನು ಮೇಜಿಗೆ ಊರಿ, ಮುಂದಕ್ಕೆ ಬಾಗಿ, ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿಕೊಂಡರು.

"ಬಾಯಿ ತೆಗಿ. ನಾಲಿಗೆ ಎತ್ತು ನೋಡೋಣ."

ಡಾಕ್ಟರು ಹೇಳಿದ್ದು ತಿಂಡಿಯಾದ ಮೇಲೆ ಮಾತ್ರೆ ಕೊಡಲು. ನಾಲಿಗೆಯ ಸುದ್ದಿಯನ್ನು ಅವಳು ಎತ್ತಿರಲೇ ಇಲ್ಲ.

ನಾನು ಎತ್ತಿದೆ.